ಐದು ವರ್ಷದ ಮಗನಿಗೆ ಎಡ-ಬಲ ತಿಳಿಯುತ್ತಿಲ್ಲ, ಯಾವ ಆ್ಯಪ್ ಒಳ್ಳೆಯದು?

ಆ್ಯಪ್ ಬೇಡ. ಸದ್ಯಕ್ಕೆ ಎಡ-ಬಲವೂ ಬೇಡ.

ನಾನೂ ಮಗಳ ಬಲಗೈಗೆ ಕೆಂಪು ದಾರ ಕಟ್ಟಿ ಬಾಯಿಪಾಠ ಮಾಡಿಸಿದವನೇ. ಐದೂವರೆಗೆಲ್ಲ ತಪ್ಪಿಲ್ಲದೆ ಹೇಳುತ್ತಿದ್ದಳು, ನನಗೋ ಹೆಮ್ಮೆ. ಆ ಬೇಸಿಗೆ ಕುಂದಾಪುರದ ಹತ್ತಿರ ಅತ್ತೆ ಮನೆಯಲ್ಲಿದ್ದಾಗ, "ಗೇಟು ದಾಟಿ ಬಲಕ್ಕೆ ತಿರುಗು, ಅಂಗಡಿ ಸಿಗತ್ತೆ, ಬೆಂಕಿಪೊಟ್ಟಣ ತಗೊಂಡು ಬಾ" ಅಂತ ಒಬ್ಬಳನ್ನೇ ಕಳಿಸಿದೆ. ನೂರು ಹೆಜ್ಜೆಯೂ ಇಲ್ಲ. ಹೋದಳು, ಕೊಂಡಳು. ಬರಲಿಲ್ಲ.

ನಲವತ್ತು ನಿಮಿಷದ ಮೇಲೆ ಬಸ್‌ಸ್ಟಾಪಿನಲ್ಲಿ ಸಿಕ್ಕಳು. ಮುಷ್ಟಿಯೊಳಗೆ ಪೊಟ್ಟಣ ಬೆವರಿಗೆ ಒದ್ದೆ. ದಾರದ ಕೈ ಎತ್ತಿ ತೋರಿಸಿ, "ಬಲಕ್ಕೇ ತಿರುಗಿದೆ ಅಪ್ಪಾ" ಅಂದಳು.

ತಿರುಗಿದ್ದು ನಿಜ. ಗೇಟಿನಲ್ಲಿ ರಸ್ತೆಗೆ ಮುಖ ಮಾಡಿ ನಿಂತರೆ ಅಂಗಡಿ ಬಲಕ್ಕೆ. ಅಂಗಡಿ ಬಾಗಿಲಲ್ಲಿ ರಸ್ತೆಗೆ ಮುಖ ಮಾಡಿ ನಿಂತರೆ ಮನೆ ಎಡಕ್ಕೆ. ಹೋಗುವಾಗಿನ ಬಲ ಬರುವಾಗ ಎಡ. ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲ, ಯಾಕೆಂದರೆ ನಮ್ಮ ತಲೆ ಕೇಳದೆಯೇ ತಿರುಗಿಸಿಕೊಳ್ಳುತ್ತದೆ. ನಾನು ಕಲಿಸಿದ್ದು ಕೈಯ ಹೆಸರು, ದಾರಿಯನ್ನಲ್ಲ. ತನ್ನ ಎಡ-ಬಲ ಐದಾರಕ್ಕೆ ಬಂದರೂ ಎದುರು ನಿಂತವರ ಎಡ-ಬಲ ಹೇಳಲು ಎಂಟರ ಹತ್ತಿರ ಆಗಬೇಕು ಅಂತ ಮಕ್ಕಳ ಮನಸ್ಸನ್ನು ಅಧ್ಯಯನ ಮಾಡಿದ ಪಿಯಾಜೆ 1920ರ ದಶಕದಲ್ಲೇ ಬರೆದಿದ್ದನಂತೆ. ಓದಿದ್ದು ಆಮೇಲೆ.

ಅತ್ತೆ ಬೈದದ್ದು ಒಂದೇ ಮಾತು: "ಅಂಗಡಿ ಪಡು, ಮನೆ ಮೂಡು ಅಂದಿದ್ರೆ ಸಾಕಿತ್ತು." ಆ ಕಡೆ ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ. ಊರುಗಳು ಪಡುಬಿದ್ರಿ, ಮೂಡುಬಿದಿರೆ. ಯಕ್ಷಗಾನಕ್ಕೂ ದಕ್ಷಿಣದ್ದು ತೆಂಕುತಿಟ್ಟು, ಉತ್ತರದ್ದು ಬಡಗುತಿಟ್ಟು. ಅತ್ತೆಗೆ ಅಡುಗೆಮನೆಯ ಡಬ್ಬವೂ "ಮೂಡು ಬದಿದು". ನಾವು ಎತ್ತ ತಿರುಗಿದರೂ ಮೂಡು ಮೂಡೇ.

ನಿಮ್ಮೂರಲ್ಲಿ ಕಡಲಿಲ್ಲದಿದ್ದರೆ ನೀರಿನ ಟ್ಯಾಂಕೋ ಅರಳಿಮರವೋ ಇದ್ದೇ ಇರುತ್ತದೆ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದರೆ ಏನೂ ಬರುವುದಿಲ್ಲ, ನಡೆಸಿ. ತಿರುವಿಗೊಮ್ಮೆ ಹಿಂದೆ ನೋಡಲು ಹೇಳಿ, ಯಾಕೆಂದರೆ ವಾಪಸ್ ಬರುವಾಗ ಕಾಣುವುದು ಆ ನೋಟವೇ. ಬರುವಾಗ ಅವನೇ ಮುಂದೆ, ನೀವು ಬಾಯಿ ಮುಚ್ಚಿಕೊಂಡು ಹಿಂದೆ. ತಪ್ಪು ತಿರುವು ತೆಗೆದುಕೊಂಡರೂ ಸ್ವಲ್ಪ ದೂರ ಹೋಗಲಿ ಬಿಡಿ. (ನನಗೆ ಇದೇ ಎಲ್ಲಕ್ಕಿಂತ ಕಷ್ಟವಾದದ್ದು.)

ಮಗಳಿಗೆ ಈಗ ಏಳು. ಮೊನ್ನೆ ಊಟಕ್ಕೆ ಕೂತಾಗ, "ಅಪ್ಪಾ, ನಿನ್ನ ತೆಂಕು ಕೆನ್ನೆಗೆ ಅನ್ನ ಅಂಟಿದೆ" ಅಂದಳು. ಒರೆಸಿಕೊಂಡೆ, ಬಡಗು ಕೆನ್ನೆಯನ್ನು.