ಹೈಬ್ರಿಡ್ ಸೈಕಲ್ಲಿನಲ್ಲಿ ದೂರದ ಸವಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಚೇರಿಗೆ ಹೋಗಿಬರಲೆಂದು ಕೊಂಡ ಹೈಬ್ರಿಡ್ ಸೈಕಲ್ (ರೋಡ್ ಬೈಕಿಗೂ ಗುಡ್ಡಗಾಡಿನ ಸೈಕಲ್ಲಿಗೂ ನಡುವಿನ, ನೇರ ಹ್ಯಾಂಡಲಿನ ಸೈಕಲ್) ನನ್ನಲ್ಲಿದೆ. ಮುಂದೆ ಸಸ್ಪೆನ್ಷನ್, 38 ಮಿ.ಮೀ. ಅಗಲದ ಟೈರು, ಮುಂದೆ ಮೂರು ಮತ್ತು ಹಿಂದೆ ಎಂಟು ಗೇರುಗಳಿವೆ. ಭಾನುವಾರಗಳಂದು ನಂಜನಗೂಡು, ಶ್ರೀರಂಗಪಟ್ಟಣಗಳಿಗೆ ಹೋಗಿಬರುತ್ತೇನೆ. ಈಗ ಮಡಿಕೇರಿಯವರೆಗೆ ತುಳಿಯಬೇಕು, ಆಮೇಲೆ 200 ಕಿ.ಮೀ. ಬಿಆರ್‌ಎಂನಲ್ಲಿ (ನಿಗದಿತ ಕಾಲಮಿತಿಯೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಭಾಗವಹಿಸಬೇಕು ಎಂಬ ಆಸೆಯಿದೆ. ಇದಕ್ಕೆ ರೋಡ್ ಬೈಕ್ (ಬಾಗಿದ ಹ್ಯಾಂಡಲ್, ತೆಳು ಟೈರಿನ ವೇಗದ ಸೈಕಲ್) ಇಲ್ಲದೆ ಆಗುವುದಿಲ್ಲ ಎಂದು ಗೆಳೆಯರು ಹೇಳುತ್ತಾರೆ. ನಿಜವೇ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಸೈಕಲ್ಲಿನಲ್ಲೇ ಎರಡೂ ಆಗುತ್ತವೆ. 200 ಕಿ.ಮೀ. ಬಿಆರ್‌ಎಂಗೆ ಇರುವ ಕಾಲಮಿತಿ 13 ಗಂಟೆ 30 ನಿಮಿಷ. ತಿಂಡಿ, ಊಟ, ಪಂಕ್ಚರ್, ವಿಶ್ರಾಂತಿ ಎಲ್ಲವನ್ನೂ ಸೇರಿಸಿದರೂ ಗಂಟೆಗೆ 15 ಕಿ.ಮೀ.ಯಷ್ಟು ಸರಾಸರಿ ಇದ್ದರೆ ಸಾಕು. ತುಳಿಯುವಾಗ ಗಂಟೆಗೆ 20 ಕಿ.ಮೀ. ವೇಗವನ್ನು ಕಾಯ್ದುಕೊಂಡವರಿಗೆ ನಿಲ್ಲಲು, ಉಣ್ಣಲು ಮೂರೂವರೆ ಗಂಟೆ ಉಳಿಯುತ್ತದೆ. ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ ಸಂಸ್ಥೆಯ ನಿಯಮಗಳಂತೆ ನಡೆಯುವ ಈ ಸವಾರಿಗಳು ಪಂದ್ಯಗಳಲ್ಲ. ಮೊದಲು ಬಂದವರಿಗೂ ಗಡುವಿನ ಕೊನೆಯಲ್ಲಿ ಬಂದವರಿಗೂ ಮನ್ನಣೆ ಒಂದೇ. ಸೈಕಲ್ ಮನುಷ್ಯನ ಬಲದಿಂದಲೇ ಓಡಬೇಕೆಂಬುದು ಬಿಟ್ಟರೆ, ಅದು ಇಂಥ ಜಾತಿಯದೇ ಆಗಿರಬೇಕೆಂಬ ಕಟ್ಟಳೆಯೂ ಇಲ್ಲ.

ಹಾಗಾದರೆ ಗೆಳೆಯರ ಮಾತು ಪೂರ್ತಿ ಸುಳ್ಳೇ? ಅಲ್ಲ, ಅವರ ಮಾತಿನಲ್ಲಿ ನಿಜವಿರುವುದು ಗಾಳಿಯ ವಿಷಯದಲ್ಲಿ. ಹೈಬ್ರಿಡ್ ಸೈಕಲ್ಲಿನ ನೇರ ಹ್ಯಾಂಡಲ್ ಹಿಡಿದು ಕೂತಾಗ ಎದೆ ಗಾಳಿಗೆ ಎದುರಾಗುತ್ತದೆ. ಗಾಳಿಯ ತಡೆಯನ್ನು ಭೇದಿಸಲು ಬೇಕಾದ ಶಕ್ತಿ ವೇಗದ ಘನದಂತೆ ಏರುವುದರಿಂದ, 20 ಕಿ.ಮೀ. ವೇಗದಿಂದ 30ಕ್ಕೆ ಏರಿದರೆ ಗಾಳಿಗೆ ಮಾತ್ರವೇ ಮೂರು ಪಟ್ಟಿಗಿಂತ ಹೆಚ್ಚು ಶಕ್ತಿ ತೆರಬೇಕಾಗುತ್ತದೆ. ನೀವು 20–22ರ ವೇಗದಲ್ಲಿ ಹೋಗುವವರಾದರೆ ಈ ನಷ್ಟ ಸಹಿಸಬಹುದಾದದ್ದು. ಆದರೆ ಆಷಾಢದಲ್ಲಿ ಮೈಸೂರಿನಿಂದ ಪಶ್ಚಿಮಕ್ಕೆ ಹೊರಟರೆ ಮುಂಗಾರಿನ ಗಾಳಿ ಹುಣಸೂರು, ಪಿರಿಯಾಪಟ್ಟಣಗಳ ಬಯಲಿನಲ್ಲಿ ನೇರ ಎದೆಗೆ ಬಡಿಯುತ್ತದೆ. ಸಮತಟ್ಟಾದ ರಸ್ತೆಯಲ್ಲೂ ಏರು ಹತ್ತಿದಂತೆ ತುಳಿಯಬೇಕಾಗುತ್ತದೆ. ನಿಮ್ಮ ಮೊದಲ ಮಡಿಕೇರಿ ಸವಾರಿಯನ್ನು ನವೆಂಬರಿನಿಂದ ಫೆಬ್ರವರಿಯ ನಡುವೆ ಇಟ್ಟುಕೊಳ್ಳಿ. ಒಂದು ಕವಡೆಯೂ ಖರ್ಚಿಲ್ಲದೆ ಸಿಗುವ ಅತಿದೊಡ್ಡ ಅನುಕೂಲ ಇದೇ.

ಏರಿನ ವಿಷಯದಲ್ಲಿ ನಿಮ್ಮ ಸೈಕಲ್ಲೇ ಮೇಲು. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿ.ಮೀ. ದೂರವಿದ್ದು, ಅಷ್ಟರಲ್ಲಿ ಹೆಚ್ಚುಕಡಿಮೆ 300 ಮೀಟರ್ ಮೇಲಕ್ಕೆ ಹೋಗುತ್ತೀರಿ. ಸುಂಟಿಕೊಪ್ಪ ದಾಟಿದ ಮೇಲಿನ ತಿರುವುಗಳನ್ನು ನೀವು ಹತ್ತುವುದು ಆಗಲೇ 90–100 ಕಿ.ಮೀ. ತುಳಿದು ದಣಿದ ಕಾಲುಗಳಿಂದ. ಮುಂದೆ 28 ಹಲ್ಲಿನ ಚಕ್ರ, ಹಿಂದೆ 34 ಹಲ್ಲಿನದು ಇರುವ ಹೈಬ್ರಿಡ್ ಸೈಕಲ್ ಪೆಡಲಿನ ಒಂದು ಸುತ್ತಿಗೆ 1.8 ಮೀಟರಿನಷ್ಟು ಮಾತ್ರ ಮುಂದೆ ಸರಿಯುತ್ತದೆ. ಮುಂದೆ 34, ಹಿಂದೆ 28 ಹಲ್ಲಿರುವ ರೋಡ್ ಬೈಕು ಎರಡೂವರೆ ಮೀಟರ್ ಸರಿಯುತ್ತದೆ. ಈ ವ್ಯತ್ಯಾಸದಿಂದ ಹೈಬ್ರಿಡ್ ಸೈಕಲ್ಲಿನವರು ನಿಧಾನವಾಗಿಯಾದರೂ ಕೂತೇ ಹತ್ತುತ್ತಾರೆ, ಮಂಡಿಗೆ ಭಾರ ಬೀಳುವುದಿಲ್ಲ. ಏರು ಶುರುವಾಗುವ ಮುಂಚೆಯೇ ಮುಂದಿನ ಗೇರನ್ನು ಇಳಿಸಿಕೊಳ್ಳಿ; ಪೆಡಲಿನ ಮೇಲೆ ಪೂರ್ತಿ ಭಾರ ಹಾಕಿ ತುಳಿಯುತ್ತಿರುವಾಗ ಬದಲಿಸಿದರೆ ಚೈನು ಕಳಚಿಕೊಳ್ಳುವ ಸಂಭವ ಹೆಚ್ಚು. ಸಸ್ಪೆನ್ಷನ್ನಿಗೆ ಲಾಕ್ ಇದ್ದರೆ ಡಾಂಬರು ರಸ್ತೆಯಲ್ಲಿ ಹಾಕಿಯೇ ಇಡಿ. ಇಲ್ಲದಿದ್ದರೆ ಎದ್ದುನಿಂತು ತುಳಿದಾಗಲೆಲ್ಲ ನಿಮ್ಮ ಬಲದ ಒಂದು ಪಾಲು ಸ್ಪ್ರಿಂಗನ್ನು ಕುಗ್ಗಿಸುವುದಕ್ಕೇ ಹೋಗುತ್ತದೆ.

ಹಣ ಖರ್ಚು ಮಾಡುವುದಾದರೆ ಟೈರಿಗೆ ಮಾಡಿ. ಬಟನ್ ಇರುವ 38 ಮಿ.ಮೀ. ಟೈರುಗಳನ್ನು ತೆಗೆಸಿ, ನುಣುಪಾದ 32 ಮಿ.ಮೀ. ಟೈರು ಹಾಕಿಸಿದರೆ ಸೈಕಲ್ಲಿನ ಓಟವೇ ಬದಲಾಗುತ್ತದೆ. ಹಾಕಿಸುವ ಮೊದಲು ನಿಮ್ಮ ರಿಮ್ಮಿನ ಅಗಲಕ್ಕೆ ಅದು ಹೊಂದುತ್ತದೆಯೇ ಎಂದು ಅಂಗಡಿಯವರಲ್ಲಿ ಕೇಳಿಕೊಳ್ಳಿ. 70 ಕಿಲೋ ತೂಕದವರಿಗೆ 32ರ ಟೈರಿನಲ್ಲಿ 60–65 ಪಿಎಸ್‌ಐ ಗಾಳಿ ಹಿತವಾಗಿರುತ್ತದೆ. ಕಲ್ಲಿನಂತೆ ಗಟ್ಟಿಯಾಗುವವರೆಗೆ ಗಾಳಿ ಹೊಡೆದರೆ ವೇಗ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಒರಟು ರಸ್ತೆಯಲ್ಲಿ ಅಂಥ ಟೈರು ಪುಟಿಯುತ್ತಾ ಸವಾರನ ಮೈಯನ್ನು ದಣಿಸುತ್ತದೆ. 28ಕ್ಕಿಂತ ಕಿರಿದಾದ ಟೈರನ್ನು ನಮ್ಮ ರಸ್ತೆಗಳಿಗೆ ನಾನು ಸೂಚಿಸುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್ಲಿಗೆ ಪ್ರವೇಶವಿಲ್ಲ. ಆ ಕಡೆ ಹೊರಟರೆ ಹಂಪು, ಗುಂಡಿ, ಎದುರಿನಿಂದ ಬರುವ ಟ್ರ್ಯಾಕ್ಟರು ಎಲ್ಲವೂ ಇರುವ ಸರ್ವಿಸ್ ರಸ್ತೆಯಲ್ಲೇ ಸಾಗಬೇಕು, ಅಲ್ಲಿ ಅಗಲ ಟೈರಿನ ಬೆಲೆ ತಿಳಿಯುತ್ತದೆ. ಇನ್ನೊಂದು ಅನುಕೂಲವೂ ಇದೆ. ನಿಮ್ಮ ಟ್ಯೂಬಿಗೆ ಮೋಟರ್ ಬೈಕಿನಂಥದೇ ವಾಲ್ವ್ ಇದ್ದರೆ ದಾರಿಯ ಯಾವುದೇ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಬಹುದು. ರೋಡ್ ಬೈಕಿನ ತೆಳು ವಾಲ್ವಿಗೆ ಬೇರೆ ಅಡಾಪ್ಟರು ಬೇಕು. ಹಾಗಿದ್ದರೂ ಒಂದು ಟ್ಯೂಬು, ಟೈರು ಬಿಚ್ಚುವ ಲಿವರು, ಚಿಕ್ಕ ಪಂಪು ನಿಮ್ಮ ಬಳಿ ಇರಲೇಬೇಕು.

ಗಂಟೆಗೆ 28 ಕಿ.ಮೀ.ಗಿಂತ ವೇಗವಾಗಿ ಹೋಗುವ ಗುಂಪಿನ ಜೊತೆ ತಪ್ಪದೆ ಸವಾರಿ ಮಾಡಬೇಕೆಂಬ ಆಸೆ ಹುಟ್ಟಿದಾಗ ರೋಡ್ ಬೈಕಿನ ಯೋಚನೆ ಮಾಡಿ. ಅಲ್ಲಿಯವರೆಗೆ ಅದು ಬೇಡ.

ಪ್ರಶ್ನೆ: ನಾನು ಹೈಬ್ರಿಡ್ ಸೈಕಲ್ಲಿನಲ್ಲಿ 40 ಕಿ.ಮೀ. ದಾಟುತ್ತಿದ್ದಂತೆ ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿಯುತ್ತವೆ; ಕುಳಿತಲ್ಲಿಯೂ ನೋವು. ಮೆತ್ತನೆಯ ಜೆಲ್ ಸೀಟು ಹಾಕಿಸಿದರೂ ಕಡಿಮೆಯಾಗಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಧಾರವಾಡ

ಉತ್ತರ: ಹೈಬ್ರಿಡ್ ಸೈಕಲ್ಲಿನ ನಿಜವಾದ ಕೊರತೆಯನ್ನು ನೀವು ಸರಿಯಾಗಿ ಗುರುತಿಸಿದ್ದೀರಿ. ನೇರ ಹ್ಯಾಂಡಲಿನಲ್ಲಿ ಕೈಯಿಡಲು ಇರುವುದು ಒಂದೇ ಜಾಗ. ಅಂಗೈಯ ಹೊರ ಅಂಚಿನಲ್ಲಿ ಹಾದು ಆ ಎರಡು ಬೆರಳುಗಳಿಗೆ ಹೋಗುವ ನರ ಗಂಟೆಗಟ್ಟಲೆ ಒತ್ತಿಕೊಳ್ಳುವುದರಿಂದ ಜೋಮು ಬರುತ್ತದೆ. ಹ್ಯಾಂಡಲಿನ ತುದಿಗಳಿಗೆ ಕೊಂಬಿನಂತೆ ಮುಂದಕ್ಕೆ ಚಾಚುವ ಬಾರ್ ಎಂಡ್‌ಗಳನ್ನು ಹಾಕಿಸಿ. ಅವನ್ನು ಹಿಡಿದಾಗ ಅಂಗೈಗಳು ಒಂದಕ್ಕೊಂದು ಎದುರಾಗಿ ತಿರುಗಿ ಒತ್ತಡದ ಜಾಗ ಬದಲಾಗುತ್ತದೆ. ಅಂಗೈಗೆ ಆಸರೆ ಕೊಡುವ ಅಗಲವಾದ ಗ್ರಿಪ್ಪು ಕೂಡ ಒಳ್ಳೆಯದು. ಬ್ರೇಕ್ ಲಿವರುಗಳನ್ನು ತುಸು ಕೆಳಮುಖವಾಗಿ ತಿರುಗಿಸಿ, ಬೆರಳಿಟ್ಟಾಗ ಮಣಿಕಟ್ಟು ಮೇಲಕ್ಕೆ ಬಾಗದೆ ಮುಂಗೈಯ ನೇರಕ್ಕೇ ಇರುವಂತೆ ನೋಡಿಕೊಳ್ಳಿ. ಸವಾರಿ ಮುಗಿದ ಮೇಲೂ ಜೋಮು ದಿನಗಟ್ಟಲೆ ಉಳಿದರೆ ವೈದ್ಯರಿಗೆ ತೋರಿಸಲೇಬೇಕು.

ಜೆಲ್ ಸೀಟನ್ನು ತೆಗೆದುಬಿಡಿ. ಅರ್ಧ ಗಂಟೆಯ ಸವಾರಿಗೆ ಹಿತವೆನಿಸುವ ಮೆತ್ತನೆ, ದೂರದ ದಾರಿಯಲ್ಲಿ ತಿರುಗಿಬೀಳುತ್ತದೆ. ಕೂರುವ ಎಲುಬುಗಳು ಅದರಲ್ಲಿ ಹೂತುಹೋಗಿ, ಭಾರ ನಡುವಿನ ಮೃದು ಭಾಗದ ಮೇಲೆ ಬೀಳುತ್ತದೆ. ಆ ಎಲುಬುಗಳಿಗೆ ಆಸರೆಯಾಗುವಷ್ಟು ಅಗಲವಿರುವ, ಸ್ವಲ್ಪ ಗಟ್ಟಿಯಾದ ಸೀಟು ಹಾಕಿಸಿ, ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯನ್ನು ಒಳಉಡುಪಿಲ್ಲದೆ ತೊಡಿ. ಸೀಟಿನ ಎತ್ತರವನ್ನು ಮನೆಯಲ್ಲೇ ನೋಡಿಕೊಳ್ಳಬಹುದು: ಗೋಡೆಗೆ ಆತು ಸೈಕಲ್ ಮೇಲೆ ಕೂತು, ಪೂರ್ತಿ ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿಯಿಟ್ಟಾಗ ಮಂಡಿ ನೇರವಾಗಬೇಕು, ಸೊಂಟ ಒಂದು ಕಡೆಗೆ ವಾಲಬಾರದು. ಮುಂಗಾಲಿನಿಂದ ತುಳಿಯುವಾಗ ಮಂಡಿಯಲ್ಲಿ ತಕ್ಕಷ್ಟು ಬಾಗು ತಾನಾಗಿ ಉಳಿಯುತ್ತದೆ.

ಪ್ರಶ್ನೆ: ಹೈಬ್ರಿಡ್ ಸೈಕಲ್ಲಿಗೆ ರೋಡ್ ಬೈಕಿನ ಬಾಗಿದ ಹ್ಯಾಂಡಲ್ ಹಾಕಿಸಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹಾಕಿಸಬಹುದಾದರೂ ಬೇಡ ಎನ್ನುವೆ. ಹ್ಯಾಂಡಲಿನ ಜೊತೆಗೆ ಬ್ರೇಕ್ ಲಿವರು, ಗೇರ್ ಬದಲಿಸುವ ಶಿಫ್ಟರುಗಳನ್ನೂ ಬದಲಿಸಬೇಕಾಗುತ್ತದೆ. ಹಲವು ಹೈಬ್ರಿಡ್ ಸೈಕಲ್ಲುಗಳಲ್ಲಿರುವ, ರಿಮ್ಮನ್ನು ಎರಡು ಬದಿಯಿಂದ ಒತ್ತಿಹಿಡಿಯುವ ವಿ-ಬ್ರೇಕಿಗೆ ಬೇಕಾದಷ್ಟು ಉದ್ದದ ಕೇಬಲನ್ನು ಸಾಮಾನ್ಯ ರೋಡ್ ಲಿವರು ಎಳೆಯುವುದಿಲ್ಲ. ಘಾಟಿ ಇಳಿಯುವಾಗ ಬ್ರೇಕು ಸರಿಯಾಗಿ ಹಿಡಿಯದಿದ್ದರೆ ಜೀವಕ್ಕೇ ಅಪಾಯ. ಹೈಬ್ರಿಡ್ ಸೈಕಲ್ಲಿನ ಫ್ರೇಮು ನೇರ ಹ್ಯಾಂಡಲಿಗೆಂದೇ ತುಸು ಉದ್ದವಾಗಿರುವುದರಿಂದ, ಮುಂದಕ್ಕೆ ಚಾಚಿದ ಬಾಗು ಹ್ಯಾಂಡಲನ್ನು ಹಿಡಿಯಲು ಬೆನ್ನು ಅತಿಯಾಗಿ ಬಗ್ಗುತ್ತದೆ. ಅಷ್ಟು ಹಣವಿದ್ದರೆ ಅದರಲ್ಲಿ ಒಳ್ಳೆಯ ಟೈರು, ಬಾರ್ ಎಂಡ್, ಹಿಂದೆ ಮುಂದೆ ಪ್ರಖರ ದೀಪಗಳನ್ನು ಕೊಂಡು, ಹಿಂದಿನ ಚಕ್ರದ ಸ್ಪೋಕುಗಳನ್ನು ನುರಿತವರಿಂದ ಬಿಗಿ ಮಾಡಿಸಿ ಬೆಂಡು ತೆಗೆಸಿಕೊಳ್ಳಿ.