ಕರುಳು ಉದ್ದವಿದ್ದರೆ ಕತ್ತರಿಸಲೇಬೇಕಾ?

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಬಂದವರು ನಲವತ್ತರ ಆಸುಪಾಸಿನ ಹೆಣ್ಣುಮಗಳು. ಚಿಕ್ಕಂದಿನಿಂದ ಮಲಬದ್ಧತೆ. ವಾರಕ್ಕೊಮ್ಮೆ ಆದರೆ ಜಾಸ್ತಿ. ಹೊಟ್ಟೆ ಉಬ್ಬುತ್ತದೆ ಅಂತ ಊಟ ಬಿಡುತ್ತಿದ್ದರು, ಪ್ರಯಾಣ ನಿಲ್ಲಿಸಿದ್ದರು. ರಿಪೋರ್ಟಿನ ಎರಡು ಪದಗಳಿಗೆ ಪೆನ್ನಿನಲ್ಲಿ ಸುತ್ತು ಹಾಕಿ ತಂದಿದ್ದರು. ಒಂದು ಡೊಲಿಕೊಕೊಲನ್, ಅಂದರೆ ದೊಡ್ಡ ಕರುಳು ಮಾಮೂಲಿಗಿಂತ ಉದ್ದ. ಇನ್ನೊಂದು ಮೆಲನೋಸಿಸ್ ಕೊಲೈ, ಕರುಳಿನ ಒಳಪದರ ಕಪ್ಪಾಗಿದೆ.

"ಕರುಳು ಕೊಳೀತಾ ಇದೆ ಅಲ್ವಾ ಮೇಡಂ? ಕತ್ತರಿಸಿಬಿಡಲಿ, ಸಾಕಾಗಿದೆ."

ಕೊಳೆತಿಲ್ಲ. ಸೋನಾಮುಖಿ ಇರುವ ಭೇದಿ ಮಾತ್ರೆಯನ್ನು ಅವರು ವರ್ಷಗಟ್ಟಲೆ ನುಂಗಿದ್ದರು. ಅದರಿಂದ ಒಳಪದರದ ಕೆಲವು ಜೀವಕೋಶಗಳು ಸಾಯುತ್ತವೆ. ಆ ಚೂರುಗಳನ್ನು ತಿಂದ ರಕ್ಷಕ ಕೋಶಗಳಲ್ಲಿ ಬಣ್ಣ ಉಳಿಯುತ್ತದೆ, ಅಷ್ಟೇ. ಅದು ಕ್ಯಾನ್ಸರ್ ಅಲ್ಲ. ಮಾತ್ರೆ ಬಿಟ್ಟರೆ ಸಾಮಾನ್ಯವಾಗಿ ತಿಂಗಳುಗಳಲ್ಲಿ ಮಾಸುತ್ತದೆ.

ಉದ್ದದ ಮಾತೂ ಹಾಗೇ. ದೊಡ್ಡವರ ದೊಡ್ಡ ಕರುಳು ಸುಮಾರು 1.5 ಮೀಟರ್. ಅದಕ್ಕಿಂತ ಉದ್ದವಿದ್ದೂ ಯಾವ ತೊಂದರೆಯಿಲ್ಲದೆ ಬದುಕುವವರು ಬೇಕಾದಷ್ಟು ಜನ. ಮುಖ್ಯವಾದದ್ದು ಕರುಳಿನ ಚಲನೆ. ತೀರಾ ನಿಧಾನವಾದ ಕರುಳಿನಲ್ಲಿ, ಚಲನೆಯ ಲಯ ಕಾಯುವ ಕಾಹಾಲ್ ಕೋಶಗಳು ಕಡಿಮೆಯಾಗಿರುವುದುಂಟು, ನರಕೋಶಗಳೂ ಬದಲಾಗಿರುವುದುಂಟು. ಆದರೆ ಅವು ಇರುವುದು ಗೋಡೆಯ ಆಳದ ಸ್ನಾಯುಪದರದಲ್ಲಿ. ಕೊಲೊನೋಸ್ಕೋಪಿಯಲ್ಲಿ, ಅಂದರೆ ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆಯಲ್ಲಿ, ಸಾಮಾನ್ಯವಾಗಿ ತೆಗೆಯುವ ಚೂರು ಒಳಪದರದ್ದು. ಹಾಗಾಗಿ ಇವರ ರಿಪೋರ್ಟ್ ಆ ವಿಷಯ ಹೇಳಿಯೇ ಇರಲಿಲ್ಲ.

ನಾನು ಬೇರೆಯದನ್ನೇ ಕೇಳಿದೆ. ಮಲ ಮೆತ್ತಗಿದ್ದಾಗಲೂ ತಿಣುಕಬೇಕಾ? ತುಂಬಾ ಹೊತ್ತು ಸುಮ್ಮನಿದ್ದು, ಬೆರಳು ಹಾಕಿ ತೆಗೆಯಬೇಕಾಗುತ್ತದೆ ಎಂದು ಅತ್ತರು. ಯಾರಿಗೂ ಹೇಳಿರಲಿಲ್ಲ, ಡಾಕ್ಟರಿಗೂ. ಇಷ್ಟು ವರ್ಷ ಒಬ್ಬರೇ ನುಂಗಿಕೊಂಡಿದ್ದರಲ್ಲ ಅಂತ ಸಂಕಟವಾಯಿತು. ಇದು ಗುದದ್ವಾರದ ಸ್ನಾಯು ಸಡಿಲವಾಗದ ತೊಂದರೆಯೂ ಇರಬಹುದು. ಹಾಗಿದ್ದರೆ ಕರುಳು ಕತ್ತರಿಸಿದರೂ ಅದು ಉಳಿದೇ ಉಳಿಯುತ್ತದೆ.

ಇದೇ ಮಾತನ್ನು ಚೀಟಿಯಲ್ಲಿ ಬರೆದು ಹೊಟ್ಟೆಯ ತಜ್ಞರಿಗೆ ಕೊಡಿ ಎಂದೆ. ಗುದದ ಸ್ನಾಯುವಿನ ಒತ್ತಡದ ಪರೀಕ್ಷೆ, ಕರುಳಿನ ವೇಗ ಅಳೆಯುವ ಎಕ್ಸ್‌ರೇ, ಥೈರಾಯ್ಡ್ ಇವೆಲ್ಲ ನೋಡಿದ ಮೇಲೆಯೇ ಆಪರೇಷನ್ ಮಾತು. ಮಾತ್ರೆಯನ್ನು ತಾವಾಗಿ ಬಿಡದೆ, ಬದಲಿ ಔಷಧಿ ಕೇಳಬೇಕು. ತಿಂಡಿಯಾದ ಮೇಲೆ ಕಾಲ ಕೆಳಗೆ ಸಣ್ಣ ಮಣೆ ಇಟ್ಟು ಹತ್ತು ನಿಮಿಷ ಕೂತರೆ ಸಾಕು. ನಿಧಾನದ ಕರುಳಿಗೆ ನಾರು ಒಮ್ಮೆಲೇ ಹೆಚ್ಚಿಸಿದರೆ ಉಬ್ಬರವೇ ಜಾಸ್ತಿ. ಒಂದನ್ನು ಮಾತ್ರ ಒತ್ತಿ ಹೇಳಿದೆ: ಹೊಟ್ಟೆ ದಿಢೀರನೆ ಬಿಗಿದು, ನೋವು, ವಾಂತಿ ಬಂದು, ಗಾಳಿಯೂ ಹೋಗದಿದ್ದರೆ ಉದ್ದದ ಕರುಳು ತಿರುಚಿಕೊಂಡಿರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಪರೀಕ್ಷೆಯಲ್ಲಿ ಸ್ನಾಯುವಿನ ತೊಂದರೆಯೇ ಕಂಡಿತು. ಈಗ ಬಯೋಫೀಡ್‌ಬ್ಯಾಕ್ ತರಬೇತಿ ನಡೆಯುತ್ತಿದೆ, ಅಂದರೆ ಸ್ನಾಯುವಿನ ಚಲನೆಯನ್ನು ಯಂತ್ರದಲ್ಲಿ ನೋಡಿಕೊಂಡು ಸಡಿಲಿಸಲು ಕಲಿಯುವುದು. ಗಂಡನಿಗೂ ವಿಷಯ ಹೇಳಿದ್ದಾರೆ.