ಕೆನೆ ಹೋದರೆ ಮೊಸರೇನು ಹೋಗುವುದಿಲ್ಲ

ಈ ಸಲದ ಪತ್ರಗಳಲ್ಲಿ ಅರ್ಧಕ್ಕರ್ಧ ಮೊಸರಿನವೇ. ಬಿಸಿಲು ಹಾಗಿದೆ! ಅದರಲ್ಲೂ ಜಾಸ್ತಿ ಜನ ಕೇಳಿರುವುದು ಕೊಬ್ಬು ಕಡಿಮೆ ಇರುವ ಸಪ್ಪೆ ಮೊಸರಿನ ಬಗ್ಗೆ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ.

*ಕೊಲೆಸ್ಟರಾಲ್ ಜಾಸ್ತಿ ಇದೆ, ಲೋ ಫ್ಯಾಟ್ ಮೊಸರು ತಿನ್ನಿ ಅಂದಿದ್ದಾರೆ ಡಾಕ್ಟರು. ಅಂಗಡಿಯ ಡಬ್ಬಿ ದುಬಾರಿ. ಮನೆಯ ಹಾಲಿನ ಕೆನೆ ತೆಗೆದು ಹೆಪ್ಪು ಹಾಕಿದರೆ ಸಾಕಲ್ವಾ?*
— ಗೃಹಿಣಿ, ಹಾಸನ

ಹಾಲು ಎಂಥದ್ದು ಅನ್ನುವುದು ಮುಖ್ಯ. ಕರೆದ ಹಾಲು ತರುತ್ತೀರಾದರೆ, ಕಾಯಿಸಿ ಆರಿಸಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ, ಬೆಳಿಗ್ಗೆ ಮೇಲಿನ ದಪ್ಪ ಕೆನೆ ಎತ್ತಿಬಿಡಿ. ಕೊಬ್ಬು ಸಾಕಷ್ಟು ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಪ್ಯಾಕೆಟ್ಟಿನ ಮೇಲೆ ಹೋಮೋಜಿನೈಸ್ಡ್ ಅಂತ ಬರೆದಿದ್ದರೆ ಮಾತ್ರ ಕೆನೆಗಾಗಿ ಕಾಯುವುದು ದಂಡ. ಆ ಹಾಲಿನಲ್ಲಿ ಕೊಬ್ಬಿನ ಹನಿಗಳನ್ನು ಒಡೆದು ತೀರಾ ಸಣ್ಣದು ಮಾಡಿರುತ್ತಾರೆ, ಅವು ಮೇಲೆ ತೇಲಿ ಬರುವುದೇ ಕಷ್ಟ.

ಸುಲಭದ ದಾರಿ ಡಬಲ್ ಟೋನ್ಡ್ ಹಾಲು. ಫುಲ್ ಕ್ರೀಮ್ ಹಾಲಿನಲ್ಲಿ ಕೊಬ್ಬು ಶೇ. 6, ಟೋನ್ಡ್ ಹಾಲಿನಲ್ಲಿ ಶೇ. 3, ಡಬಲ್ ಟೋನ್ಡಿನಲ್ಲಿ ಶೇ. 1.5. ಅಂದರೆ 200 ಗ್ರಾಂ ಮೊಸರಿನ ಒಂದು ಬಟ್ಟಲಿಗೆ 12 ಗ್ರಾಂ ಕೊಬ್ಬಿನ ಬದಲು 3 ಗ್ರಾಂ. ಸುಮಾರು 80 ಕ್ಯಾಲೊರಿ ಉಳಿಯಿತು. ಇಷ್ಟೆಲ್ಲ ಲೆಕ್ಕ ಹಾಕಿ, ಆಮೇಲೆ ಮೊಸರನ್ನಕ್ಕೆ ಎರಡು ಚಮಚ ಎಣ್ಣೆಯ ಒಗ್ಗರಣೆ ಸುರಿದರೆ ಉಳಿಸಿದ್ದೆಲ್ಲ ಅಲ್ಲೇ ವಾಪಸ್! (ನಾನೂ ಮಾಡುತ್ತೇನೆ, ಸುಳ್ಳು ಹೇಳುವುದಿಲ್ಲ. ಸಾಸಿವೆ ಸಿಡಿಯದ ಮೊಸರನ್ನ ಎಂಥ ಮೊಸರನ್ನ?)

ತೆಳು ಹಾಲಿನ ಮೊಸರು ನೀರಾಗುತ್ತದೆ ಅನ್ನುವ ದೂರು ನಿಜ. ಅದಕ್ಕೆ ಮದ್ದೂ ಇದೆ. ಹಾಲು ಉಕ್ಕಿದ ತಕ್ಷಣ ಇಳಿಸಬೇಡಿ, ಸಣ್ಣ ಉರಿಯಲ್ಲಿ ಇನ್ನೊಂದು ಹತ್ತು ನಿಮಿಷ ಕೈಯಾಡಿಸುತ್ತಾ ಇರಿ. ಹಾಗೆ ಕಾದಾಗ ಹಾಲಿನ ಪ್ರೊಟೀನುಗಳು ಒಂದಕ್ಕೊಂದು ಅಂಟಿಕೊಂಡು ನೀರನ್ನು ಹಿಡಿದಿಡುತ್ತವೆ. ಅರ್ಧ ಲೀಟರಿಗೆ ಒಂದು ದೊಡ್ಡ ಚಮಚ ಕೆನೆ ತೆಗೆದ ಹಾಲಿನ ಪುಡಿ ಕಲಸಿದರೆ ಇನ್ನೂ ಗಟ್ಟಿ. ಬೆರಳಿಟ್ಟರೆ ಹಿತವಾದ ಬಿಸಿ ಇರುವಾಗ ಅರ್ಧ ಚಮಚ ಹೆಪ್ಪು ಹಾಕಿ, ಮುಚ್ಚಿ, ಮರೆತುಬಿಡಿ. ಗಟ್ಟಿಯಾಯಿತಾ ಅಂತ ಗಂಟೆಗೊಂದು ಸಲ ಅಲ್ಲಾಡಿಸಿ ನೋಡುವವರ ಮನೆಯಲ್ಲಿ ಮೊಸರು ಎಂದೂ ನೆಟ್ಟಗಾಗುವುದಿಲ್ಲ.

*ಕೊಬ್ಬು ತೆಗೆದ ಮೇಲೆ ಆ ಮೊಸರಿನಲ್ಲಿ ಸತ್ವ ಏನು ಉಳಿಯುತ್ತದೆ? ಅತ್ತೆ 'ಅದು ಬರೀ ಬಿಳಿ ನೀರು' ಅಂತಾರೆ.*
— ಶಿಕ್ಷಕಿ, ಧಾರವಾಡ

ಅತ್ತೆಯವರನ್ನೇ ಒಂದು ಮಾತು ಕೇಳಿ. ಬೆಣ್ಣೆ ತೆಗೆದ ಮಜ್ಜಿಗೆಯನ್ನು ಅವರು ಬಿಳಿ ನೀರು ಅಂತ ಯಾವತ್ತಾದರೂ ಚೆಲ್ಲಿದ್ದಾರಾ? ಕಡೆದು ಬೆಣ್ಣೆ ಎತ್ತಿದ ಮೇಲೆ ಉಳಿಯುವ ಮಜ್ಜಿಗೆ ಇದೆಯಲ್ಲ, ನಮ್ಮ ಹಳೇ ಲೋ ಫ್ಯಾಟ್ ಮೊಸರು ಅಂದರೆ ಅದೇ.

ಪ್ರೊಟೀನು, ಕ್ಯಾಲ್ಸಿಯಂ, ಬಿ12 ಇವು ಕೆನೆಯ ಜೊತೆ ಹೋಗುವುದಿಲ್ಲ. ಹಾಲಿನ ಗಟ್ಟಿ ಅಂಶ ಸೇರಿಸಿ ಮಾಡಿದ ಸಪ್ಪೆ ಲೋ ಫ್ಯಾಟ್ ಯೋಗರ್ಟ್ ಆದರೆ 100 ಗ್ರಾಂಗೆ ಸುಮಾರು 63 ಕ್ಯಾಲೊರಿ, 5 ಗ್ರಾಂ ಪ್ರೊಟೀನು, 180 ಮಿಲಿಗ್ರಾಂ ಕ್ಯಾಲ್ಸಿಯಂ. ಮನೆಯ ಮೊಸರಿನಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆ. ದೊಡ್ಡವರಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 1000 ಮಿಲಿಗ್ರಾಂ, ಹಾಗಾಗಿ ಒಂದು ಬಟ್ಟಲು ಏನೂ ಕಡಿಮೆ ಕೊಡುಗೆಯಲ್ಲ. ಜೊತೆಗೆ ರಾಗಿ ಮುದ್ದೆಯೋ ರಾಗಿ ಅಂಬಲಿಯೋ ಇದ್ದರಂತೂ ಕೇಳಬೇಡಿ. ಮಾಂಸ, ಮೊಟ್ಟೆ ತಿನ್ನದವರಿಗೆ ಬಿ12 ಸಿಗುವ ದಾರಿಗಳೇ ಕಡಿಮೆ, ಮೊಸರು ಅದರಲ್ಲೊಂದು. ಕೆನೆಯ ಜೊತೆ ಹೋಗುವುದು ವಿಟಮಿನ್ ಎ ಮತ್ತು ಡಿ. ಎಷ್ಟೋ ಪ್ಯಾಕೆಟ್ ಹಾಲಿಗೆ ಅವನ್ನು ಮತ್ತೆ ಸೇರಿಸಿರುತ್ತಾರೆ, ಮೇಲೆ 'ಎಫ್' ಮತ್ತು ಕೂಡಿಸುವ ಗುರುತು ಇದೆಯಾ ನೋಡಿ.

ಇನ್ನೊಂದು ಮಾತು. ಮೊಸರಿನ ಮೇಲೆ ನಿಲ್ಲುವ ತಿಳಿ ಹಸಿರು ಮಿಶ್ರಿತ ನೀರನ್ನು ಬಸಿದು ಚೆಲ್ಲುತ್ತೀರಲ್ಲ, ದಯವಿಟ್ಟು ಬೇಡ. ಆ ಬಣ್ಣ ಬರುವುದೇ ಬಿ2 ವಿಟಮಿನ್‌ನಿಂದ. ಚಪಾತಿ ಹಿಟ್ಟು ಕಲಸಲು ಹಾಕಿ, ಸಾರಿಗೆ ಹಾಕಿ.

*ಲೋ ಫ್ಯಾಟ್ ಮೊಸರು ಹಾಕಿದಾಗಿನಿಂದ ಮಜ್ಜಿಗೆ ಹುಳಿ ಪ್ರತಿ ಸಲ ಒಡೆಯುತ್ತಿದೆ. ನೆಂಟರ ಮುಂದೆ ಮಾನ ಹೋಯಿತು.*
— ಹೊಸದಾಗಿ ಅಡುಗೆ ಕಲಿತವನು, ಪುಣೆ

ಹೋಗಲಿ ಬಿಡಿ, ನನ್ನ ಮಾನ ಇದೇ ಮಜ್ಜಿಗೆ ಹುಳಿಯಲ್ಲಿ ಎಷ್ಟು ಸಲ ಹೋಗಿದೆಯೋ ಲೆಕ್ಕವಿಲ್ಲ. ಕೊಬ್ಬು ಪ್ರೊಟೀನನ್ನು ಸ್ವಲ್ಪ ಕಾಪಾಡುತ್ತದೆ. ಅದು ಕಡಿಮೆಯಾದಾಗ, ಅದರ ಮೇಲೆ ಮೊಸರು ಹುಳಿಯೂ ಆಗಿದ್ದರೆ, ಬಿಸಿ ತಗುಲಿದ ಕೂಡಲೇ ಪ್ರೊಟೀನು ಗಂಟುಗಟ್ಟಿ ನೀರು ಬಿಡುತ್ತದೆ. ನಾವು ರುಬ್ಬುವಾಗ ಕಾಯಿ, ಜೀರಿಗೆ, ಹಸಿಮೆಣಸಿನ ಜೊತೆ ನೆನೆಸಿದ ಕಡಲೆಬೇಳೆ ಹಾಕುತ್ತೇವಲ್ಲ, ಅದು ರುಚಿಗೆ ಮಾತ್ರ ಅಲ್ಲ. ಬೇಳೆಯ ಪಿಷ್ಟ ಮೊಸರನ್ನು ಒಡೆಯದ ಹಾಗೆ ಹಿಡಿಯುತ್ತದೆ. ಲೋ ಫ್ಯಾಟ್ ಆದರೆ ಆ ಬೇಳೆಯನ್ನು ಒಂದು ಚಮಚ ಜಾಸ್ತಿ ಮಾಡಿ, ಇಲ್ಲವೇ ಅಕ್ಕಿಹಿಟ್ಟು ಸೇರಿಸಿ. ಬೂದುಗುಂಬಳ ಬೆಂದು, ಮಸಾಲೆ ಕುದಿದ ಮೇಲೆ ಉರಿ ತಗ್ಗಿಸಿ. ಫ್ರಿಜ್ಜಿನಿಂದ ಮೊದಲೇ ತೆಗೆದಿಟ್ಟು ಚೆನ್ನಾಗಿ ಕಡೆದ ಮೊಸರನ್ನು ಆಗ ಹಾಕಿ. ಉಪ್ಪು ಕೊನೆಗೆ. ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದರೆ ಸಾಕು, ಇಳಿಸಿಬಿಡಿ, ಮಳಮಳ ಕುದಿಸಬೇಡಿ.

ಅದೂ ಭಯವಾದರೆ ತಂಬುಳಿಗೆ ಬನ್ನಿ. ದೊಡ್ಡಪತ್ರೆ ಬಾಡಿಸಿ, ಕಾಯಿ ಜೊತೆ ರುಬ್ಬಿ, ಮಜ್ಜಿಗೆಗೆ ಕಲಸಿದರೆ ಮುಗಿಯಿತು. ಒಲೆಯ ಮೇಲೆ ಇಡುವುದೇ ಇಲ್ಲ, ಒಡೆಯುವುದೇನು ಬಂತು!

*ಮಗಳಿಗೆ ಸ್ಟ್ರಾಬೆರಿ ಯೋಗರ್ಟ್ ಇಷ್ಟ. ಅದೂ ಲೋ ಫ್ಯಾಟೇ. ನಡೆಯುತ್ತಾ?*
— ಅಪ್ಪ, ಮೈಸೂರು

ಡಬ್ಬಿ ತಿರುಗಿಸಿ, 'ಸೇರಿಸಿದ ಸಕ್ಕರೆ' ಅನ್ನುವ ಸಾಲು ಓದಿ. ಸಪ್ಪೆ ಮೊಸರಿನಲ್ಲೂ ಹಾಲಿನದೇ ಸಕ್ಕರೆ ಇರುತ್ತದೆ, ಅದರ ಚಿಂತೆ ಬೇಡ. ಚಿಂತೆ ಮಾಡಬೇಕಾದ್ದು ಮೇಲಿಂದ ಸೇರಿಸಿದ ಸಕ್ಕರೆಯದು. ಸಪ್ಪೆ ಮೊಸರಿಗೆ ಮಾವಿನ ಹೋಳೋ ಏಲಕ್ಕಿ ಬಾಳೆಹಣ್ಣೋ ಕಿವುಚಿ ಕೊಡಿ. ಎರಡು ದಿನ ಮುಖ ಸಿಂಡರಿಸುತ್ತಾಳೆ, ಆಮೇಲೆ ತಿನ್ನುತ್ತಾಳೆ.

*ಆಂಟಿಬಯಾಟಿಕ್ ಮಾತ್ರೆ ಜೊತೆ ಮೊಸರು ತಿನ್ನಬಹುದಾ?*
— ವಿದ್ಯಾರ್ಥಿ, ಕಲಬುರಗಿ

ಯಾವ ಮಾತ್ರೆ ಅಂತ ಬರೆದಿಲ್ಲ ನೀವು. ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಥರದವಾದರೆ ಮೊಸರಿನ ಕ್ಯಾಲ್ಸಿಯಂ ಅದಕ್ಕೆ ಅಂಟಿಕೊಂಡು ಔಷಧ ಮೈಗೆ ಹತ್ತದಂತೆ ಮಾಡುತ್ತದೆ. ಕೆಲವು ಗಂಟೆ ಅಂತರ ಬೇಕು, ಎಷ್ಟು ಅಂತ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ.

*ಹುಳಿ ಬಂದ ಮೊಸರು ಪ್ರತಿ ವಾರ ಮಿಕ್ಕುತ್ತದೆ.*
— ಒಂಟಿ ಜೀವ, ಬೆಂಗಳೂರು

ಬರೀ ಹುಳಿಯಾದರೆ ರವೆ ಇಡ್ಲಿಗೆ ಅದೇ ಬೇಕು. ಸೋಡಾಕ್ಕೆ ಹುಳಿ ಸೇರಿದಾಗಲೇ ಇಡ್ಲಿ ಉಬ್ಬುವುದು. ಮೆಣಸಿನಕಾಯಿ ಸೀಳಿ, ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದರೆ ಬಾಳಕದ ಮೆಣಸಿನಕಾಯಿ ತಯಾರು. ಬಣ್ಣದ ಬೂಷ್ಟು ಬಂದಿದ್ದರೆ ಮಾತ್ರ ಮೇಲಿನದು ತೆಗೆದು ತಿನ್ನುವ ಜಾಣತನ ಬೇಡ, ಪೂರ್ತಿ ಎಸೆಯಿರಿ. ಇಷ್ಟಾದ ಮೇಲೂ ಹುಳಿ ಮೊಸರು ಮಿಕ್ಕರೆ ದೇವರ ಮನೆಯ ಹಿತ್ತಾಳೆ ದೀಪಕ್ಕೆ ಬಳಿದು ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ. ದೀಪಕ್ಕೆ ಲೋ ಫ್ಯಾಟೇ ಒಳ್ಳೆಯದು, ಜಿಡ್ಡು ಅಂಟುವುದಿಲ್ಲ.